ಕಳಿಸಿದವರು: ಗಿನ್ಕಾ

…ಅಯ್ಯೋ, ಮುಟ್ಬೇಡ, ಮುಟ್ಬೇಡ! ಕೈ ತೆಗಿಯೇ ರಾಲಿ! ಆ ಹಸಿರು ಗುಂಡಿ ಒತ್ತಿಬಿಟ್ರೆ ಇಷ್ಟು ಹೊತ್ತು ನಾನು ಒಂದೊಂದೇ ಅಕ್ಷರ ಚುಚ್ಚಿ ತುಂಬಿದ್ದೆಲ್ಲ ಹೊಳೆಪಾಲು. ಹಾಂ… ಹಾಗೆ. ಕಾಫಿ ಹಿಡ್ಕೊಂಡು ಕಿಟಕಿ ಹತ್ರ ಕೂತ್ಕೋ. ನಕ್ಷೆ ಸ್ವಲ್ಪ ಆಚೆ ಸರಿಸು ಮಾರಾಯ್ತಿ, ಕಾಫಿ ಚೆಲ್ಲಿದ್ರೆ ಡ್ಯಾನ್ಯೂಬ್ ನದೀಲಿ ಇಲ್ಲದ ದ್ವೀಪ ಒಂದು ಹುಟ್ಕೊಳ್ಳುತ್ತೆ, ನಾಳೆ ಯಾವನಾದ್ರೂ ಹಡಗಿನವನು ಅದನ್ನ ಸುತ್ತು ಹಾಕ್ಕೊಂಡು ಹೋಗ್ತಾನೆ!

ನಗ್ತೀಯಾ? ನಗು. ನೀನು ನಕ್ಕು ಎಷ್ಟು ದಿನ ಆಯ್ತು… ಅಲ್ಲ, ಸುಳ್ಳು. ಈ ವಾರ ಪೂರ್ತಿ ನಗ್ತಾನೇ ಇದೀಯ. ಒಬ್ಬಳೇ. ಆ ನೀಲಿ ಸ್ಕಾರ್ಫ್ ಬೇರೆ. ಇರ್ಲಿ ಬಿಡು, ನಾನೇನೂ ಕೇಳಲ್ಲ.

ಏನ್ ಮಾಡ್ತಿದೀನಾ? ಯಂತ್ರಕ್ಕೆ ಹೊಸ ಮೇಲ್ ವಿಳಾಸ ಹಾಕ್ತಿದೀನಿ. ತಾಬಾಕೊವ್ ಸಾಹೇಬ್ರ ಅಪ್ಪಣೆ. ಕೆಳಗಡೆ ಇರೋದಕ್ಕೆ ಹಾಕಿ ಆಯ್ತು, ಅವರ ಕೋಣೇದಕ್ಕೂ ಆಯ್ತು, ಇನ್ನು ಉಳಿದಿರೋದು ನಿನ್ನ ನಕ್ಷೆ ಕೋಣೆಯ ಈ ಮಹಾರಾಯ. ಪ್ರಿಂಟ್ ಹಾಕ್ತಾನೆ, ನಕಲು ತೆಗೀತಾನೆ, ಸ್ಕ್ಯಾನ್ ಮಾಡಿ ಮೇಲ್ ಕಳಿಸ್ತಾನೆ. ಗಂಡಸರಲ್ಲಿ ಇಷ್ಟು ಕೆಲಸ ಬರೋರನ್ನ ನಾನಂತೂ ನೋಡಿಲ್ಲ! ನೀನು ನೋಡಿದೀಯಾ? ಇಲ್ಲ ತಾನೆ? ಮತ್ತೆ!

ನಿನಗೇನು ಗೊತ್ತು, ಆಗಸ್ಟ್ ಪೂರ್ತಿ ನೀನು ದೋಣಿ ಮೇಲೆ ಕೂತು ನದಿ ಆಳ ಅಳೀತಾ ಇದ್ದೆ, ಮೂಗಿನ ಸಿಪ್ಪೆ ಸುಲಿಸ್ಕೊಂಡು ಬಂದೆ. ಇಲ್ಲಿ ನನ್ನ ಪಾಡು ಕೇಳಬಾರದು. ಯಂತ್ರ ತಂದಿಟ್ಟವನು ಪ್ಲಗ್ ಚುಚ್ಚಿದ, ನನ್ನ ಹತ್ರ ಸಹಿ ಹಾಕಿಸ್ಕೊಂಡ, "ಮೇಲ್ ಹೋಗೋ ವ್ಯವಸ್ಥೆ ನಿಮ್ಮ ಕಂಪ್ಯೂಟರ್‌ನವರು ಮಾಡ್ಕೋತಾರೆ" ಅಂದ, ಹೋದ. ನಮ್ಮ ಕಂಪ್ಯೂಟರ್‌ನವರು ಯಾರು? ಪ್ಲಾಮೆನ್! ಪ್ಲಾಮೆನ್ ಎಲ್ಲಿ? ಜೇನು ಸಾಕ್ತೀನಿ ಅಂತ ಮೇ ತಿಂಗಳಲ್ಲೇ ಕೆಲಸ ಬಿಟ್ಟ! ಫೋನ್ ಮಾಡಿದ್ರೆ ಬರೀ ಗುಂಯ್ ಗುಂಯ್ ಕೇಳಿಸುತ್ತೆ. ಆಗ ತಾಬಾಕೊವ್ ನನ್ನ ಕಡೆ ತಿರುಗಿ, ಆ ಕನ್ನಡಕದ ಮೇಲಿಂದ ನೋಡ್ತಾರಲ್ಲ, ಹಾಗೆ ನೋಡಿ, "ಗಿನ್ಕಾ, ಹೋದ ವರ್ಷ ಸಿಕ್ಕಿಹಾಕಿಕೊಂಡಿದ್ದ ಕಾಗದ ಎಳೆದು ತೆಗೆದೋಳು ನೀನೇ ಅಲ್ವಾ? ಹಾಗಾದ್ರೆ ಇದೂ ನಿನಗೇ" ಅಂದ್ರು.

ಕಾಗದ ಎಳೆದೋಳಿಗೆ ಮೇಲ್ ಕೆಲಸ! ಹಲ್ಲು ಸಂದಿಯಿಂದ ನಾರು ತೆಗೆದೋಳನ್ನ ಕರೆದು, ಬಾರಮ್ಮ ಹೃದಯದ ಆಪರೇಷನ್ ಮಾಡು ಅಂದ ಹಾಗೆ! ಇಪ್ಪತ್ತಾರು ವರ್ಷದಿಂದ ನಾನು ಮಾಡ್ತಿರೋದೇನು? ಬಂದ ಪತ್ರಕ್ಕೆ ಒಂದು ಮುದ್ರೆ, ಹೋಗೋ ಪತ್ರಕ್ಕೆ ಒಂದು ಮುದ್ರೆ. ಠಪ್, ಠಪ್. ಆದ್ರೂ ಕೂತೆ ಕಣೇ. ಈ ಪುಟಾಣಿ ಪರದೆ ನೋಡು, ನನ್ನ ಬೆರಳು ಇಟ್ರೆ ಮೂರು ಅಕ್ಷರ ಒಟ್ಟಿಗೆ ಬೀಳುತ್ತೆ. ಅದಕ್ಕೇ ಈ ಹೆಣಿಗೆ ಕಡ್ಡಿ. ಮೊಂಡು ತುದೀಲಿ ಕುಕ್ಕೋದು. ಮೊದಲ ದಿನ ಕೇಳಿತು: ಸರ್ವರ್ ಹೆಸರೇನು? ಹಾಕಿದೆ. ಆಮೇಲೆ ಕೇಳಿತು: ಪೋರ್ಟ್ ಯಾವುದು? ನಾನು ನದಿ ಕಚೇರಿಯೋಳು! ಪೋರ್ಟ್ ಅಂದ್ರೆ ಬಂದರು ತಾನೆ ಅಂತ ನಮ್ಮೂರಿನ ಹೆಸರು ಹೊಡೆದೆ!

…ಉಸಿರು ತಗೋ, ಉಸಿರು ತಗೋ! ಕಾಫಿ ಮೂಗಿಗೆ ಹತ್ತುತ್ತೆ! ಬೆನ್ನು ತಟ್ಟಲಾ?… ಸರಿ ಹೋಯ್ತಾ? ಅದಕ್ಕೆ ಬಂದರು ಬೇಡ್ವಂತೆ, ಒಂದು ಸಂಖ್ಯೆ ಬೇಕಂತೆ. ಹೇಳೋದಲ್ವಾ ಮೊದಲೇ?

ಸಂಖ್ಯೆ ಹಾಕಿದೆ. "ಸರ್ವರ್ ಸಿಗಲಿಲ್ಲ." ಮತ್ತೆ ಹಾಕಿದೆ. "ಸರ್ವರ್ ಸಿಗಲಿಲ್ಲ." ನಾಲ್ಕು ದಿನ ಕಣೇ, ನಾಲ್ಕು ದಿನ! ಊಟಕ್ಕೆ ಹೋಗ್ಲಿಲ್ಲ, ಕನಸಲ್ಲೂ ಅದೇ, ನಮ್ಮತ್ತೆ ಬಂದು ಬಾಗಿಲಲ್ಲಿ ನಿಂತು "ಸರ್ವರ್ ಸಿಗಲಿಲ್ಲ" ಅಂತಾರೆ! ಕೊನೆಗೆ ತಪ್ಪೇನಿತ್ತು ಹೇಳು? ನಮ್ಮ ಸಿರಿಲಿಕ್ ಲಿಪಿಯ 'ಸ' ಇದೆಯಲ್ಲ, ಅದೂ ಇಂಗ್ಲಿಷಿನ 'ಸಿ'ನೂ ಕಣ್ಣಿಗೆ ಒಂದೇ ಥರ, ಅವಳಿ ಜವಳಿ! ನಾನು ಇಡೀ ಹೆಸರು ಇಂಗ್ಲಿಷಲ್ಲಿ ಹೊಡೆದು, ಅದೊಂದೇ ಅಕ್ಷರ ನಮ್ಮದು ಹೊಡೆದಿದ್ದೆ. ನೋಡೋಕೆ ಎಲ್ಲ ಸರಿ, ಯಂತ್ರಕ್ಕೆ ಮಾತ್ರ ಗೊತ್ತು ಇವಳು ಮೋಸ ಮಾಡ್ತಿದಾಳೆ ಅಂತ. ವಿಳಾಸದಲ್ಲಿ ನಡುವೆ ಬರುತ್ತಲ್ಲ, ಬಾಲ ಸುತ್ಕೊಂಡಿರೋ ಆ ಕೋತಿ-ಅ, ಅದನ್ನ ಹುಡುಕೋಕೆ ಇನ್ನರ್ಧ ದಿನ. ಪಾಸ್‌ವರ್ಡಂತೂ… ನಮ್ಮ ಮಾಮೂಲಿ ಪಾಸ್‌ವರ್ಡ್ ಆಗಲ್ವಂತೆ, ಯಂತ್ರಕ್ಕೇ ಅಂತ ಬೇರೆ ಹದಿನಾರು ಅಕ್ಷರದ್ದು ಕೊಡ್ತಾರಂತೆ. ಹದಿನಾರು! ಒಂದಕ್ಕೊಂದು ಸಂಬಂಧವಿಲ್ಲ, ಜ್ವರ ಬಂದೋನು ಬಡಬಡಿಸಿದ ಹಾಗೆ.

ಕೊನೆಗೆ ಒಂದು ಗುರುವಾರ ಹನ್ನೊಂದೂವರೆಗೆ… ಏನು ಸ್ಕ್ಯಾನ್ ಮಾಡ್ಲಿ ಅಂತಲೂ ಹೊಳೀಲಿಲ್ಲ, ನನ್ನ ಅಂಗೈನೇ ಗಾಜಿನ ಮೇಲಿಟ್ಟು ಹಸಿರು ಗುಂಡಿ ಒತ್ತಿದೆ. ಬೆಳಕು ಹೀಗೆ ಸರ್ರಂತ ಹೋಯ್ತು. ಒಂದು, ಎರಡು, ಮೂರು… ಟಿಂಗ್! ಫೋನ್ ತೆಗೆದು ನೋಡ್ತೀನಿ, ನನ್ನ ಕೈ! ನನ್ನದೇ ಕೈ ಕಣೇ, ಗೆರೆ ಗೆರೆ ಸಮೇತ, ಉಂಗುರ ಸಮೇತ! ಕೆಳಗಡೆ ಯಾರೂ ಇರಲಿಲ್ಲ. ಹತ್ತು ಜನ ಕೈ ಹಿಡಿದು ಸುತ್ತೋ ಹೊರೊ ಕುಣಿತನ ಯಂತ್ರದ ಸುತ್ತ ಒಬ್ಬಳೇ ಕುಣಿದೆ. ಹೆಜ್ಜೆ ತಪ್ಪದೆ. ಐವತ್ತಮೂರು ವರ್ಷದೋಳು.

ಗಂಟೆ ಎಷ್ಟು ಕೇಳ್ದೆಯಾ? ನಾಲ್ಕು… ನಾಲ್ಕೂ ಹತ್ತು. ಯಾಕೆ ಗಂಟೆ? ಕೂತ್ಕೋ, ಇನ್ನೂ ಮುಖ್ಯ ಕಥೆಗೇ ಬಂದಿಲ್ಲ.

ಮುಖ್ಯ ಏನಂದ್ರೆ, ಯಂತ್ರ ಮೇಲ್ ಕಳಿಸ್ಬೇಕಾದ್ರೆ ಯಾರದಾದ್ರೂ ಹೆಸರಲ್ಲಿ ಕಳಿಸ್ಬೇಕಲ್ಲ. ಕಚೇರಿಯ ಮೇಲ್ ಪಾಸ್‌ವರ್ಡ್ ಪ್ಲಾಮೆನ್ ತಲೇಲಿ, ಪ್ಲಾಮೆನ್ ಜೇನುಗೂಡಲ್ಲಿ. ಆಗ ನಾನು, ತಾತ್ಕಾಲಿಕ ಅಂತ, ತಾತ್ಕಾಲಿಕ!, ನನ್ನ ಸ್ವಂತ ವಿಳಾಸ ಹಾಕಿಬಿಟ್ಟೆ. ಗೊತ್ತಾಯ್ತಾ ಏನಾಯ್ತು ಅಂತ? ಯಾರು ಏನೇ ಸ್ಕ್ಯಾನ್ ಮಾಡಿ ಕಳಿಸ್ಲಿ, ಪಡೆಯೋರಿಗೆ ಕಾಣೋದು "ಕಳಿಸಿದವರು: ಗಿನ್ಕಾ"! ತಾಬಾಕೊವ್ ಹೂಳೆತ್ತೋ ಯೋಜನೆ ಸೋಫಿಯಾದ ಮುಖ್ಯ ಕಚೇರಿಗೆ ಕಳಿಸಿದಾರೆ, ಅಲ್ಲಿಂದ ನನಗೆ ಉತ್ತರ: "ಮಾನ್ಯ ಗಿನ್ಕಾ ಅವರೇ, ತಮ್ಮ ದೂರದೃಷ್ಟಿ ಮೆಚ್ಚುವಂಥದ್ದು." ನನ್ನ ದೂರದೃಷ್ಟಿ! ನನಗೆ ಎದುರಿಗಿರೋ ಬಸ್ಸಿನ ನಂಬರ್ ಕಾಣಲ್ಲ! ತಾಬಾಕೊವ್‌ಗೆ ಓದಿ ಹೇಳಿದೆ. ಮುಖ ಬೀಟ್‌ರೂಟ್ ಆಯ್ತು. ಅವತ್ತೇ ಅಪ್ಪಣೆ: ಪಾಸ್‌ವರ್ಡ್ ಎಲ್ಲಿಂದಾದ್ರೂ ತಗೊಂಬಾ, ಯಂತ್ರಗಳಿಗೆ ಕಚೇರಿ ವಿಳಾಸ ಹಾಕು.

ನಗ್ಬೇಡ ನಗ್ಬೇಡ, ನನಗೂ ನಗು ಬರುತ್ತೆ, ಕಡ್ಡಿ ಜಾರುತ್ತೆ… ಥೂ, ಜಾರಿತು. ಮತ್ತೆ ಮೊದಲಿಂದ.

ಇಲ್ಚೊ ಕಥೆ ಕೇಳಿದೀಯಾ? ಹೂಳೆತ್ತೋ ದೋಣಿಯ ಇಲ್ಚೊ. ಮೂವತ್ತನಾಲ್ಕು ಕಿಲೋದ ಸೋಮ್ ಮೀನು ಹಿಡಿದನಲ್ಲ. ತಮ್ಮ ನಂಬಲಿಲ್ಲವಂತೆ, ಬುರುಡೆ ಬಿಡ್ತೀಯ ಅಂದನಂತೆ. ಈ ಪುಣ್ಯಾತ್ಮ ಏನ್ ಮಾಡಿದಾನೆ ಅಂದ್ರೆ, ಕೆಳಗಡೆ ಯಂತ್ರದ ಮುಚ್ಚಳ ಎತ್ತಿ, ಗಾಜಿನ ಮೇಲೆ ಮೀನಿನ ತಲೆ ಇಟ್ಟಿದಾನೆ! ಫೋಟೋ ಅಲ್ಲ ಕಣೇ, ತಲೆ! ಮೀಸೆ ಸಮೇತ! ಇರೋದ್ರಲ್ಲೇ ಚೆನ್ನಾಗಿರೋ ಬಣ್ಣ, ಇರೋದ್ರಲ್ಲೇ ಹೆಚ್ಚು ಸ್ಪಷ್ಟತೆ, ಹನ್ನೆರಡು ಸಲ, ಎಲ್ಲ ಕೋನದಿಂದ! ನಾನು ಮನೇಲಿ ಬಾನಿತ್ಸಾ ತಿಂತಾ ಫೋನ್ ತೆಗೀತೀನಿ, ಟಿಂಗ್, ಒಂದು ಕಣ್ಣು ನನ್ನನ್ನೇ ನೋಡ್ತಿದೆ! ತಟ್ಟೆ ಕೈಬಿಟ್ಟೆ! ಗಾಜು ಮೂರು ದಿನ ಒರೆಸಿದೀನಿ, ಈಗಲೂ ತಾಬಾಕೊವ್ ಪತ್ರದಲ್ಲಿ ಮೀಸೆಯ ಒಂದು ನೆರಳು ಬರುತ್ತೆ!

ಅಯ್ಯಯ್ಯೋ… ಹೊಟ್ಟೆ ನೋವು… ನೀನೂ ಅಳೋ ಹಾಗೆ ನಗ್ತಿದೀಯ… ನನಗ್ಯಾಕೆ ಬಂತಾ? ಇಲ್ಚೊ ತಮ್ಮನಿಗೆ ಕಳಿಸಿದ್ದು ನನಗ್ಯಾಕೆ ಬಂತು ಅಂತಾನಾ? ವಾಪಸ್ ಬಂತು ಕಣೇ! ಮೇಲ್ ದಪ್ಪ ಆಯ್ತು. ತೀರಾ ದಪ್ಪ ಆದ್ರೆ ಆ ಕಡೆಯೋರು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸ್ತಾರೆ. ಇಲ್ಲಿ ಯಂತ್ರ ಏನೋ "ಕಳಿಸಲಾಗಿದೆ" ಅಂತ ತೋರಿಸುತ್ತೆ, ಅದಕ್ಕೆ ಆ ಕಡೆ ಸುದ್ದಿ ಗೊತ್ತಿರಲ್ಲ. ವಾಪಸ್ ಬರೋದೆಲ್ಲ ಕಳಿಸಿದವರಿಗೆ ಬರುತ್ತೆ. ಕಳಿಸಿದವರು ಯಾರು? ಗಿನ್ಕಾ! ಅದಕ್ಕೇ ಎಲ್ಲಾ ದಪ್ಪದವು ನನ್ನ…

…

ಯಾಕೆ ನಗು ನಿಲ್ಲಿಸ್ದೆ?

ಎಷ್ಟು ದಪ್ಪ ಆದ್ರೆ ವಾಪಸ್ ಬರುತ್ತೆ ಅಂತಾನಾ? ನನಗೇನು ಗೊತ್ತು, ಅದು ಆ ಕಡೆಯೋರ ಮೇಲೆ… ನಕ್ಷೆನಾ? ಬಣ್ಣದ ನಕ್ಷೆ? ಒಂದು ಹದಿನೈದು ಹಾಳೆ ಇದ್ರೆ… ಇರಬಹುದು. ಗೊತ್ತಿಲ್ಲ. ಹೋದ್ರೂ ಹೋಗಬಹುದು. ಕಾಫಿ ಆರ್ತಿದೆ ಕುಡಿ. ಅಂದ ಹಾಗೆ ಇಲ್ಚೊ ಹೆಂಡತಿ ಏನಂದಳು ಗೊತ್ತಾ, ಆ ತಲೇನ…

ಬೇಡ್ವಾ. ಸರಿ.

ರಾಲಿ, ಹಾಗೆ ನೋಡ್ಬೇಡ.

ಏನಾದ್ರೂ ಅನ್ನು. ಬಾಯಿ ಬಿಟ್ಟು ಕೇಳು, ಹೇಳ್ತೀನಿ. ಹೀಗೆ ಸುಮ್ನೆ ನಿಂತ್ಕೊಂಡ್ರೆ ನಾನೇನು ಅಂತ…

ಹೂಂ. ಬಂತು. ನಿನ್ನದೂ ವಾಪಸ್ ಬಂತು. ಈಗ ಊಟ ಆದ್ಮೇಲೆ ನೋಡಿದೆ, ಅದಕ್ಕೇ ತಾನೆ ಕಾಫಿ ತಗೊಂಡು ಬಂದಿದ್ದು, ಹೇಳೋಣ ಅಂತ, ಮಾತಲ್ಲಿ ಮಾತು ಬಂದು…

…

ನಿನ್ನೆ.

…

ಮಂಗಳವಾರ! ಆಯ್ತಾ? ಮಂಗಳವಾರ ಹನ್ನೊಂದು ಇಪ್ಪತ್ತಕ್ಕೆ. ನೀನು ಕಳಿಸಿ ಐದು ನಿಮಿಷಕ್ಕೆ. ಕೆಳಗಡೆ ಮುದ್ರೆ ಹೊಡೀತಾ ಇದ್ದೆ, ಟಿಂಗ್ ಅಂತು. ಮತ್ತೆ ಮೀನೇನೋ ಅಂತ ತೆಗೆದೆ. ನೋಡಿದ್ರೆ ನಿನ್ನ ಅಕ್ಷರ. ನಿನ್ನ ಆ ಪುಟ್ಟ ಪುಟ್ಟ ದುಂಡು ಅಕ್ಷರ. ಸಮುದ್ರ ತೀರದ ವಾರ್ನಾಗೆ. ಸಮುದ್ರ ನಕ್ಷೆ ವಿಭಾಗಕ್ಕೆ ಅರ್ಜಿ.

ಓದ್ಲಿಲ್ಲ. ಆಣೆ, ಮೇಲಿನ ಸಾಲು ಮಾತ್ರ… ವಿಷಯ ಅಂತ ಇರುತ್ತಲ್ಲ, ಅದಷ್ಟೇ…

ಓದಿದೆ. ಪೂರ್ತಿ ಓದಿದೆ. ಎರಡು ಸಲ.

ನಿನಗೆ ಫೋನ್ ಮಾಡೋಕೆ ಅಂತ ರಿಸೀವರ್ ಎತ್ತಿದೆ ಕಣೇ. ಎತ್ತಿ, ಇಟ್ಟೆ. ಸಂಜೆ ಹೇಳೋಣ ಅಂದ್ಕೊಂಡೆ. ಸಂಜೆ ನೀನು ಮೆಟ್ಟಿಲ ಮೇಲೆ ಗುನುಗ್ತಾ ಇಳಿದು ಬಂದೆ, ಆ ಸ್ಕಾರ್ಫ್ ಹಾಕ್ಕೊಂಡು. ನಾಳೆ ಅಂದ್ಕೊಂಡೆ. ನಾಳೆ ಬಂತು, ನಾಳಿದ್ದು ಬಂತು… ಇವತ್ತು ಈ ಬಾಗಿಲ ತನಕ ಮೂರು ಸಲ ಬಂದು ಹೋದೆ, ಗೊತ್ತಾ? ನಾಲ್ಕನೇ ಸಲ ಕೈಯಲ್ಲಿ ಎರಡು ಕಾಫಿ ಇತ್ತು, ವಾಪಸ್ ಹೋಗೋಕಾಗ್ಲಿಲ್ಲ.

ತಾಬಾಕೊವ್ ಅಪ್ಪಣೆ ಸುಳ್ಳಲ್ಲ! ಕೊಟ್ಟಿದಾರೆ. ಸೋಮವಾರ ಮಾಡು ಅಂದಿದಾರೆ. ಇವತ್ತು ನಾನಾಗೇ ಅದನ್ನೊಂದು ನೆಪ ಮಾಡ್ಕೊಂಡು…

ಯಾಕೆ ಗಡಿಯಾರ ನೋಡ್ತೀಯ. ನೋಡ್ಬೇಡ. ಹೌದು. ಅರ್ಜಿಗೆ ಇವತ್ತು ಐದು ಗಂಟೆಗೆ ಕೊನೆ ಅಂತ ಓದಿದೀನಿ, ನನಗೆ ಗೊತ್ತು. ಹೌದು ರಾಲಿ. ಹೇಳೋಕೆ ಅಂತಾನೇ ಬಂದೆ. ಬಂದು ಬಾಯಿ ತೆಗೆದ್ರೆ ಬಂದರು ಬಂತು, ಮೀನು ಬಂತು, ನೀನು ನಗೋಕೆ ಶುರು ಮಾಡಿದೆ… ಇನ್ನೊಂದು ಸ್ವಲ್ಪ ನಗಿಸೋಣ ಅನ್ನಿಸ್ತು. ಆಮೇಲೆ ಇನ್ನೊಂದು ಸ್ವಲ್ಪ. ಹೀಗೇ ಮಾತಾಡ್ತಾ ಮಾತಾಡ್ತಾ ಐದಾಗಿಬಿಟ್ರೆ… ನಾನೇನೂ ಮಾಡಿದ ಹಾಗಾಗಲ್ಲ, ಗಡಿಯಾರವೇ ಮಾಡಿದ ಹಾಗಾಗುತ್ತೆ ಅಂತ.

ಬೈಯಿ. ಬೈಯೇ! ಹತ್ತೊಂಬತ್ತು ವರ್ಷದಲ್ಲಿ ನೀನು ನನಗೆ ಬೈದಿರೋದು ಒಂದೇ ಸಲ, ಅದೂ ಮೆಣಸಿನಕಾಯಿ ಸುಡೋವಾಗ ಕರಕಲು ಮಾಡಿದೆ ಅಂತ. ನಾಳೆ ಶನಿವಾರ ನನ್ನ ಬಾಲ್ಕನೀಲಿ ನಲವತ್ತು ಕಿಲೋ ಕೆಂಪು ದಪ್ಪ ಮೆಣಸಿನಕಾಯಿ ಇದೆ, ನಾವಿಬ್ರೂ ಚಳಿಗಾಲಕ್ಕೆ ಸುಟ್ಟಿಡೋಕೆ ಅಂತ. ಅದನ್ನ ನೋಡ್ಕೊಂಡು ನಾನು… ಆದ್ರೆ ಅದಕ್ಕಲ್ಲ. ಮೆಣಸಿನಕಾಯಿಗಲ್ಲ. ಅಷ್ಟು ಸ್ವಾರ್ಥ ಇಲ್ಲ ನನಗೆ. ಇದೆ, ಆದ್ರೆ ಅಷ್ಟಿಲ್ಲ.

ಮೂರನೇ ಪುಟ ರಾಲಿ. ಪ್ರಶ್ನೆ ಒಂಬತ್ತು. "ಈಗಿನ ಊರನ್ನು ಬಿಡಲು ಅಡ್ಡಿಯೇನಾದರೂ ಇದೆಯೇ?" ನೀನು ಬರೆದಿದೀಯ… ನನಗೆ ಬಾಯಿಪಾಠ. "ಇಲ್ಲ. ಈ ಊರಿನಲ್ಲಿ ನನ್ನನ್ನು ಹಿಡಿದಿಡುವಂಥದ್ದು ಏನೂ ಇಲ್ಲ. ಯಾರೂ ಇಲ್ಲ."

ಏನೂ ಇಲ್ಲ ಅಂದ್ರೆ ಸಾಕಾಗ್ತಿತ್ತು ಕಣೇ. ಆ ಕೊನೇ ಎರಡು ಪದ ಯಾರು ಕೇಳಿದ್ರು?

ಗೊತ್ತು, ಗೊತ್ತು. ಅರ್ಜೀಲಿ ಹಾಗೇ ಬರೀಬೇಕು. ಗಂಡ, ಮಕ್ಕಳು, ಕಾಯಿಲೆ ಬಿದ್ದ ಅಮ್ಮ ಯಾರೂ ಇಲ್ಲ, ನಾಳೆನೇ ಬರಬಲ್ಲೆ ಅಂತ ಅದರರ್ಥ. ನಾನು ಇಪ್ಪತ್ತಾರು ವರ್ಷ ಅರ್ಜಿ ನೋಡಿದೋಳು, ನನಗೆ ಗೊತ್ತಾಗಲ್ವಾ? ಗೊತ್ತಾಯ್ತು. ಆದ್ರೂ ಅಲ್ಲೇ ಕೂತೆ, ಮುದ್ರೆ ಕೈಯಲ್ಲಿ ಹಿಡ್ಕೊಂಡು. ನನಗೆ ಒಂದು ಮಾತು ಹೇಳ್ಲಿಲ್ಲ ನೀನು. ದಿನಾ ಒಟ್ಟಿಗೆ ಊಟ ಮಾಡ್ತೀವಿ. ಒಂದು ಮಾತು… ಸಮುದ್ರ ನೋಡ್ಬೇಕು ಗಿನ್ಕಾ ಅಂದಿದ್ರೆ ನಾನು ಬೇಡ ಅಂತಿದ್ನಾ?

…

ಅಂತಿದ್ದೆ. ಸರಿ. ಅಂತಿದ್ದೆ, ಅತ್ತು ಕರೆದು ರಂಪ ಮಾಡ್ತಿದ್ದೆ. ಅದಕ್ಕೇ ಹೇಳ್ಲಿಲ್ಲ ನೀನು.

ಏಳು. ಏಳೇ, ಗಂಟೆ ನಾಲ್ಕೂ ಮೂವತ್ತೈದು! ಕಾಗದ ಎಲ್ಲಿ? ಮೂಲ ಪ್ರತಿ, ನಕ್ಷೆಗಳು… ಆ ಖಾನೆಯಾ? ಕೊಡು. ನೀನು ಕಳಿಸಿದ್ದೂ ಇಲ್ಚೊ ಥರಾನೇ, ಇರೋದ್ರಲ್ಲೇ ಹೆಚ್ಚು ಸ್ಪಷ್ಟತೆ ಇಟ್ಟು, ಅದಕ್ಕೇ ಬಾಗಿಲಲ್ಲೇ ನಿಂತಿತು. ಈಗ ನೋಡು, ಬಣ್ಣ ಇರ್ಲಿ, ಸ್ಪಷ್ಟತೆ ಅರ್ಧಕ್ಕೆ ಇಳಿಸ್ತೀನಿ. ಎರಡು ಭಾಗ ಮಾಡ್ತೀನಿ. ಅರ್ಜಿ ಒಂದು ಮೇಲ್, ನಕ್ಷೆ ಇನ್ನೊಂದು. ಕೆಳಗೆ ನಿನ್ನ ವಿಳಾಸ ಬರೆದಿಡ್ತೀನಿ, ಉತ್ತರ ಇಲ್ಲಿಗೇ ಕೊಡಿ ಅಂತ. ನನಗೆ ಬೇಡ, ಬೇಡ, ನನ್ನ ಹತ್ರ ಏನೂ ಬರಬಾರದು. ವಾರ್ನಾ ವಿಳಾಸ ಹೇಳು, ಒಂದೊಂದೇ ಅಕ್ಷರ. ಅವಸರ ಮಾಡ್ಬೇಡ. ಹೂಂ… ಹೂಂ… ಕೋತಿ-ಅ… ಹೂಂ… ಮತ್ತೊಂದ್ಸಲ ನೀನೇ ಓದಿ ನೋಡು. ಸರಿ ಇದೆಯಾ? ಈಗ ಹಾಳೆಗಳು. ಒಂದು… ಎರಡು…

ಕೊಡು ಮೂರನೇದು. ಯಾಕೆ ಹಿಡ್ಕೊಂಡೆ? ಕೊಡೇ.

ಏನ್ ಮಾಡ್ತೀಯ? ಪೆನ್ ಯಾಕೆ? ಅಯ್ಯೋ, ಸಹಿ ಹಾಕಿದ ಕಾಗದ ಅದು, ಅದರ ಮೇಲೆ ಗೀಚಬಾರದು! ರಾಲಿ! ಹೊಸ ಫಾರಂ ತುಂಬೋಕೆ ಸಮಯ ಇಲ್ಲ… ಏನು ಹೊಡೆದು ಹಾಕ್ತಿದೀಯ?

ಓ.

ಬರೀ ಆ ಎರಡು ಪದ.

…ಹೊಡೆದು ಹಾಕಿದ್ರೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕ್ಬೇಕು. ತಾರೀಕೂ ಬರಿ. ಇಲ್ದಿದ್ರೆ ತಿದ್ದಿದ್ದು ಲೆಕ್ಕಕ್ಕೆ ಬರಲ್ಲ. ಹಾಂ. ಅಲ್ಲಿ. ಹಾಗೆ.

ಬೋರಲು ಹಾಕು. ಮುಚ್ಚಳ ಮುಚ್ಚು. ಉಳಿದಿದ್ದೂ ಆಯ್ತು. ಹಸಿರು ಗುಂಡಿ ನೀನೇ ಒತ್ತು, ನನ್ನ ಕೈಗೆ ಬೇಡ… ಬೆಳಕು ಹೋಗ್ತಿದೆ ನೋಡು… ಮೊದಲನೇದು ಹೋಯ್ತು. ಈಗ ನಕ್ಷೆಗಳು. ಎಷ್ಟು ಚೆಂದ ಬರೆದಿದೀಯೇ, ಈ ತಿರುವು, ಈ ಮರಳು ದಿಬ್ಬ… ಕೆಲಸ ಸಿಗುತ್ತೆ ಬಿಡು. ಸಿಕ್ಕೇ ಸಿಗುತ್ತೆ. ಎರಡನೇದೂ ಹೋಯ್ತು. ನಾಲ್ಕೂ ನಲವತ್ತಾರು.

ಫೋನ್ ಇಲ್ಲಿಡ್ತೀನಿ, ಮೇಜಿನ ಮೇಲೆ, ನಿನ್ನ ಮುಂದೆ. ಈ ಯಂತ್ರದಲ್ಲಿ ಇನ್ನೂ ನನ್ನ ವಿಳಾಸವೇ ಇದೆ, ವಾಪಸ್ ಬರೋದಾದ್ರೆ ಐದು ನಿಮಿಷದೊಳಗೆ ಟಿಂಗ್ ಅನ್ನುತ್ತೆ. ನೀನೇ ನೋಡ್ತಿರು. ನಾನು ಮುಟ್ಟಲ್ಲ.

…

ಬರ್ಲಿಲ್ಲ.

…

ಐದು ನಿಮಿಷ ಆಯ್ತು ರಾಲಿ. ಬರ್ಲಿಲ್ಲ. ಸೇರಿತು ಕಣೇ! ವಾರ್ನಾ ಸೇರಿತು!

ಏನಾದ್ರೂ ಅನ್ನೇ ಈಗಲಾದ್ರೂ. ಬೇಡ್ವಾ? ಕೂತ್ಕೋಬೇಕಾ? ಸರಿ, ಸರಿ, ಎಳೀಬೇಡ ಕೈನ, ಕೂತೆ. ಇಲ್ಲೇ ಕೂತೆ, ನಿನ್ನ ಪಕ್ಕ. ಸುಮ್ನಿರ್ಬೇಕಾ? ಸುಮ್ನಿರ್ತೀನಿ.

…

ಎಷ್ಟು ಹೊತ್ತು?